ಎರಡೂರ ನಡುವೆ ಮಲಗಿದ ಎಮ್ಮೆ

ಒಂದೂರಿತ್ತು. ಬೇರೆ ಯಾವುದೂ ಅಲ್ಲ, ನಮ್ಮೂರೇ, ಕೆಂಚನಕೊಪ್ಪಲು. ಅಲ್ಲೊಂದು ಎಮ್ಮೆ, ಹೆಸರು ಕರಿಯವ್ವ. ಸುತ್ತ ಹತ್ತೂರು ಹುಡುಕಿ. ಅಂಥ ಎಮ್ಮೆ ಇನ್ನೊಂದು ಸಿಕ್ಕರೆ ನಾನು ಮೀಸೆ ಬೋಳಿಸ್ಕೊತೀನಿ.

ಒಂದು ಬೆಳಿಗ್ಗೆ ಕರಿಯವ್ವ ನೀರಿನ ತೊಟ್ಟಿಗೆ ಬಂತು. ತೊಟ್ಟೀಲಿ ನೀರಿಲ್ಲ. ನೀರಿಲ್ಲ ಅಂದ್ರೆ ಹಾಲಿಲ್ಲ. ಹಾಲಿಲ್ಲ ಅಂದ್ರೆ ಕರು ಸುಮ್ನಿರಲ್ಲ.

"ತೊಟ್ಟಿ ತೊಟ್ಟಿ, ನೀರು ಕೊಡು."

"ನಲ್ಲಿ ಕೊಟ್ಟರೆ ನಾನು ಕೊಡ್ತೀನಿ" ಅಂತು ತೊಟ್ಟಿ.

ಎಮ್ಮೆ ಬುಸ್ ಅಂತು. ನಲ್ಲಿ ಹತ್ತಿರ ಹೋಯ್ತು.

"ನಲ್ಲಿ ನಲ್ಲಿ, ನೀನು ತೊಟ್ಟಿಗೆ ಕೊಡು, ತೊಟ್ಟಿ ನನಗೆ ಕೊಡಲಿ. ಕರು ಸುಮ್ನಿರಲ್ಲ."

"ಪೈಪು ಒಡೆದಿದೆ. ನೀರಗಂಟಿ ಜೋಡಿಸಿದ್ರೆ ನಾನು ಕೊಡ್ತೀನಿ" ಅಂತು ನಲ್ಲಿ.

ಬುಸ್ ಬುಸ್. ಊರಿಗೆ ನೀರು ಬಿಡೋ ನೀರಗಂಟಿ ಜವರಪ್ಪನ ಹತ್ತಿರ ಹೋಯ್ತು. ಅವನು ಜಗಲಿ ಮೇಲೆ ಎಲೆಗೆ ಸುಣ್ಣ ಹಚ್ಚುತ್ತಾ ಕೂತಿದ್ದ.

"ಜವರಪ್ಪ, ನೀನು ಪೈಪು ಜೋಡಿಸು, ನಲ್ಲಿ ತೊಟ್ಟಿಗೆ ಕೊಡಲಿ, ತೊಟ್ಟಿ ನನಗೆ ಕೊಡಲಿ. ಕರು ಸುಮ್ನಿರಲ್ಲ."

"ಬರಿಗೈಲಿ ಏನು ಜೋಡಿಸ್ಲಿ ಕಣವ್ವ? ಪಂಚಾಯ್ತಿ ಅಧ್ಯಕ್ಷೆ ಹೊಸ ಪೈಪು ಕೊಡಿಸ್ಲಿ, ಜೋಡಿಸ್ತೀನಿ."

ಬುಸ್ ಬುಸ್ ಬುಸ್. ಅಧ್ಯಕ್ಷೆ ಪುಟ್ಟತಾಯಮ್ಮನ ಹತ್ತಿರ ಹೋಯ್ತು.

"ಪುಟ್ಟತಾಯಮ್ಮ, ನೀನು ಪೈಪು ಕೊಡಿಸು, ಜವರಪ್ಪ ಜೋಡಿಸಲಿ, ನಲ್ಲಿ ತೊಟ್ಟಿಗೆ ಕೊಡಲಿ, ತೊಟ್ಟಿ ನನಗೆ ಕೊಡಲಿ. ಕರು ಸುಮ್ನಿರಲ್ಲ."

"ದುಡ್ಡೆಲ್ಲಿದೆ ತಾಯಿ? ಪೈಪು ಒಡೆದದ್ದು ಅಕ್ಕಿ ಮಿಲ್ಲಿನ ಲಾರಿ. ಓಡಾಡೋದು ನಮ್ಮೂರ ಮೇಲೇ. ಮಿಲ್ಲಿನ ಸಾಹುಕಾರ ನಮಗೂ ಕಂದಾಯ ಕಟ್ಟಲಿ, ಕೊಡಿಸ್ತೀನಿ."

ಕಂದಾಯ ಅಂದ್ರೆ ಗೊತ್ತೇನ್ರೋ? ಮನೆ, ಅಂಗಡಿ, ಮಿಲ್ಲು ಇರೋರು ಊರಿಗೆ ಕಟ್ಟೋ ದುಡ್ಡು. ಆ ದುಡ್ಡಲ್ಲೇ ಪೈಪು. ಆ ದುಡ್ಡಲ್ಲೇ ಬೀದಿದೀಪ.

ಎಮ್ಮೆ ಮಿಲ್ಲಿಗೆ ಹೋಯ್ತು. ಬಿಸಿಲು ಬೇರೆ.

"ಸಾಹುಕಾರ, ನೀನು ಕಂದಾಯ ಕಟ್ಟು, ಪುಟ್ಟತಾಯಮ್ಮ ಪೈಪು ಕೊಡಿಸಲಿ, ಜವರಪ್ಪ ಜೋಡಿಸಲಿ, ನಲ್ಲಿ ತೊಟ್ಟಿಗೆ ಕೊಡಲಿ, ತೊಟ್ಟಿ ನನಗೆ ಕೊಡಲಿ. ಕರು ಸುಮ್ನಿರಲ್ಲ."

"ಕಟ್ಟಾಯ್ತಲ್ಲ. ಮಿಲ್ಲಿರೋದು ಸೋಮನಪುರದಲ್ಲಿ, ಕಟ್ಟಿದ್ದು ಸೋಮನಪುರಕ್ಕೆ. ಎರಡೆರಡು ಸಲ ಕಟ್ಟೋಕೆ ನಾನೇನು ಎಮ್ಮೇನಾ? ಅಲ್ಲಿನ ಅಧ್ಯಕ್ಷನನ್ನ ಕೇಳು, ಪಾಲು ಕೊಡ್ಲಿ."

ಎಮ್ಮೆ ಕಿವಿ ಒದರಿತು. ಸೋಮನಪುರದ ಅಧ್ಯಕ್ಷ ಬೋರಲಿಂಗಣ್ಣನ ಹತ್ತಿರ ಹೋಯ್ತು.

"ಬೋರಲಿಂಗಣ್ಣ, ನೀನು ಕಂದಾಯದಲ್ಲಿ ಪಾಲು ಕೊಡು, ಪುಟ್ಟತಾಯಮ್ಮ ಪೈಪು ಕೊಡಿಸಲಿ, ಜವರಪ್ಪ ಜೋಡಿಸಲಿ, ನಲ್ಲಿ ತೊಟ್ಟಿಗೆ ಕೊಡಲಿ, ತೊಟ್ಟಿ ನನಗೆ ಕೊಡಲಿ. ಕರು ಸುಮ್ನಿರಲ್ಲ."

"ಮಿಲ್ಲು ನಮ್ಮೂರಲ್ಲಿ, ಕಂದಾಯ ನಮ್ಮೂರಿಗೆ. ನಿಮ್ಮೂರ ಪೈಪು ನಿಮ್ಮೂರ ತಾಪತ್ರಯ. ಹೋಗು ಹೋಗು."

"ಸಾಕಾಗಿ ಹೋಯ್ತು ನಂಗೆ" ಅಂತು ಎಮ್ಮೆ.

ಮಿಲ್ಲಿನ ದಾರೀಲಿ ಎರಡೂರ ಗಡಿಕಲ್ಲು. ಅದರ ಪಕ್ಕ, ರಸ್ತೆಗೆ ಅಡ್ಡಲಾಗಿ, ದೊಪ್ಪಂತ ಮಲಗಿತು. ತಲೆ ಸೋಮನಪುರದಲ್ಲಿ. ಕೆಚ್ಚಲು ಕೆಂಚನಕೊಪ್ಪಲಲ್ಲಿ.

ಲಾರಿಗಳು ನಿಂತವು. ಸಾಹುಕಾರ ಓಡಿ ಬಂದ. ಬೋರಲಿಂಗಣ್ಣ ಓಡಿ ಬಂದ. ಪುಟ್ಟತಾಯಮ್ಮ ಓಡಿ ಬಂದಳು.

"ಏಳೇ" ಅಂದ ಬೋರಲಿಂಗಣ್ಣ.

"ಬಾಯಿ ನಿಮ್ಮೂರಲ್ಲಿದೆ. ಇನ್ಮೇಲೆ ಮೇವೆಲ್ಲ ನೀವು ಹಾಕಿ. ಕೆಚ್ಚಲು ಅವರೂರಲ್ಲಿದೆ. ಹಾಲೆಲ್ಲ ಅವರು ಕರ್ಕೊಳ್ಳಲಿ."

"ಇದ್ಯಾವ ಸೀಮೆ ನ್ಯಾಯ? ಮೇವು ನಮ್ಮದು, ಹಾಲು ಅವರದ್ದಾ?"

"ಮತ್ತೆ ಲಾರಿ ಅವರ ಪಾಲಿಗೆ, ಕಂದಾಯ ನಿಮ್ಮೊಬ್ಬರಿಗಾ?"

ಲಾರಿಯವರು ಕಿಸಕ್ಕನೆ ನಕ್ಕರು. ಬೋರಲಿಂಗಣ್ಣ ಟವಲು ತೆಗೆದು ಮುಖ ಒರೆಸಿಕೊಂಡ. "ಪುಟ್ಟತಾಯಮ್ಮೋರೇ, ವರ್ಷಾವರ್ಷ ನಿಮಗೂ ಒಂದು ಪಾಲು. ಮೊದಲು ಇದನ್ನ ಎಬ್ಬಿಸಿ."

"ಪಾಲು ಅವರ ಕೈಗೆ ಬರಲಿ. ಆಮೇಲೆ ಏಳ್ತೀನಿ" ಅಂತು ಎಮ್ಮೆ.

ಬೋರಲಿಂಗಣ್ಣ ಪಾಲು ಕೊಟ್ಟ. ಎಮ್ಮೆ ಎದ್ದಿತು. ಪುಟ್ಟತಾಯಮ್ಮ ಪೈಪು ಕೊಡಿಸಿದಳು. ಜವರಪ್ಪ ಜೋಡಿಸಿದ. ನಲ್ಲಿ ತೊಟ್ಟಿಗೆ ಕೊಟ್ಟಿತು. ತೊಟ್ಟಿ ಕರಿಯವ್ವನಿಗೆ ಕೊಟ್ಟಿತು. ಕರಿಯವ್ವ ಕರುವಿಗೆ ಕೊಟ್ಟಿತು.

ಕರು ಮಾತ್ರ ಯಾರಿಗೂ ಏನೂ ಕೊಡಲಿಲ್ಲ. ಒಂದು ತೊಟ್ಟೂ ಬಿಡದೆ ಕುಡಿದು, ಬಾಲ ಎತ್ತಿ ಓಡಿತು.