ಸದ್ದು ಹಿಡಿಯೋಕೆ ಹೋದ ಜುಂಜಣ್ಣ

ಕೂತ್ಕೊಳ್ಳಿ, ಕೂತ್ಕೊಳ್ಳಿ. ಹಿಂದಿರೋರು ಮುಂದೆ ಬನ್ನಿ. ನಡುವೆ ಎದ್ದು ಹೋಗೋರು ಈಗಲೇ ಹೋಗಿಬಿಡಿ. ಆಮೇಲೆ ಬಂದು "ಮೊದಲಿಂದ ಹೇಳು" ಅಂದ್ರೆ ನನಗೆ ಕೆಟ್ಟ ಕೋಪ ಬರುತ್ತೆ.

ಸಿರಾ ಸೀಮೆಯಲ್ಲಿ ಸಣ್ಣೀರಮ್ಮ ಅಂತ ಒಬ್ಬ ಹೆಂಗಸು. ಗಂಡ ಬಸ್ ಡ್ರೈವರ್ ಆಗಿದ್ದ. ಹೆಂಡತಿಗೆ ಸ್ಟೇರಿಂಗ್ ಹಿಡಿಯೋದು ಕಲಿಸಿ, ಒಂದು ಹಳೇ ಬಸ್ಸು ಬಿಟ್ಟು ಕಣ್ಮುಚ್ಚಿದ. ಸಣ್ಣೀರಮ್ಮ ಅಳ್ತಾ ಕೂತಳಾ? ಇಲ್ಲ. ಬಸ್ಸಿನ ಸೀಟೆಲ್ಲ ಕಿತ್ತು ಹಾಕಿದಳು. ಸೀಟಿದ್ದ ಕಡೆ ಒಲೆ ಇಟ್ಟಳು, ಕೊಳಗ ಇಟ್ಟಳು, ಸೌಟು ಜಾಲರಿ ನೇತು ಹಾಕಿದಳು. ಮದುವೆ ಎಲ್ಲೇ ಆಗಲಿ, ಅಡುಗೆಮನೆಯೇ ಅಲ್ಲಿಗೆ ಹೋಗೋದು.

ಬಸ್ಸು ಚೆನ್ನಾಗಿತ್ತು. ಅಡುಗೆ ಚೆನ್ನಾಗಿತ್ತು. ಮಗ? ಮಗನ ಹೆಸರು ಜುಂಜಣ್ಣ. ಆಳು ಎತ್ತಿನಂಥೋನು. ಆದರೆ ಹೇಳಿದ್ದು ಹೇಳಿದಂಗೇ. "ಹಾಲು ಉಕ್ಕುತ್ತೆ, ನೋಡ್ಕೊಳ್ಳೋ" ಅಂದ್ರೆ, ಉಕ್ಕಿ ನೆಲಕ್ಕೆ ಹರಿಯೋತನಕ ನೋಡ್ಕೊಂಡೇ ನಿಲ್ಲೋನು.

"ನಿನಗೆ ಯಾರು ಹೆಣ್ಣು ಕೊಡ್ತಾರೋ ಜುಂಜಾ!" ಅಂತ ಅವ್ವ ದಿನಾ ಹಣೆ ಚಚ್ಚಿಕೊಳ್ಳೋಳು.

ಹಿಂಗಿರುವಾಗ ಕಣಿವೆಪಾಳ್ಯದ ಪಾತಣ್ಣ ಬಂದ. ದೊಡ್ಡ ಮೀಸೆ, ದೊಡ್ಡ ಹೊಟ್ಟೆ. "ಸಣ್ಣೀರಕ್ಕ, ದೊಡ್ಡ ಮಗಳ ಮದುವೆ ಐತೆ. ಅಡುಗೆ ನಿಂದೇ. ಹೊತ್ತಿಗೆ ಸರಿಯಾಗಿ ಬಿಸಿ ಊಟ ಬಂದು ನಿಂತ್ರೆ, ಚಿಕ್ಕೋಳನ್ನ ನಿನ್ನ ಮಗನಿಗೆ ಕೊಡೋ ಮಾತು ಆಡಾನ. ಊಟ ತಪ್ತೋ, ಮಾತೂ ತಪ್ತು!"

ಸಣ್ಣೀರಮ್ಮನಿಗೆ ಸ್ವರ್ಗ ಮೂರೇ ಗೇಣು. ಆದರೆ ಕಣಿವೆಪಾಳ್ಯ ಇರೋದು ಘಾಟಿಯ ಬುಡದಲ್ಲಿ. ಇಳಿಜಾರು, ತಿರುವಿನ ಮೇಲೆ ತಿರುವು. ಬಸ್ಸಿಗೋ ಹೊಸ ರೋಗ. ಬ್ರೇಕ್ ತುಳಿದರೆ ಹಿಂದುಗಡೆಯಿಂದ "ಕೀಂಯ್!" ಬಿಟ್ಟರೆ "ಕರ್... ಕರ್..." ಬ್ರೇಕ್ ಕೈ ಕೊಟ್ರೆ ಸಾರಿನ ಸಮೇತ ಪಾತಾಳಕ್ಕೇ ಇಳಿಯೋದು!

"ಜುಂಜಾ, ಮೆಕ್ಯಾನಿಕ್ ಬುಡೇನ್ ಸಾಬಣ್ಣನ ಶೆಡ್ಡಿಗೆ ಹೋಗು. ಸದ್ದು ಹೆಂಗೆ ಬತ್ತದೆ ಅಂತ ಹೇಳು. ಮರೀತೀಯ ಕಣೋ, ದಾರಿಯುದ್ದ ಬಾಯಲ್ಲಿ ಹೇಳ್ಕೊಂಡೇ ಹೋಗು. ತಿಳೀತಾ?"

"ತಿಳೀತು!"

ತಿಳೀತಂತೆ! ಹೊರಟ ಜುಂಜಣ್ಣ. "ಕೀಂಯ್! ಕರ್ ಕರ್! ಕೀಂಯ್! ಕರ್ ಕರ್!" ದಾರಿಯಲ್ಲಿ ಒಬ್ಬ ಅಜ್ಜಿ ಕುರಿ ಹೊಡ್ಕೊಂಡು ಬರ್ತಿದ್ದಳು. ಇವನು ಪಕ್ಕಕ್ಕೆ ಹೋಗಿ "ಕೀಂಯ್!" ಅಂದ. ಕುರಿಯೆಲ್ಲ ದಿಕ್ಕಾಪಾಲು!

"ನಿನ್ನ ಬಾಯಿಗೆ ಮಣ್ಣು ಹಾಕ! ನನ್ನ ಕುರಿಯೆಲ್ಲ ಚೆದುರಿಹೋದ್ವಲ್ಲೋ ಮೂದೇವಿ!" ಅಂತ ಅಜ್ಜಿ ದೊಣ್ಣೆಯಲ್ಲಿ ಒಂದು ಬಿಟ್ಟಳು. ಏಟು ಬಿದ್ದ ಮೇಲೆ ಹಳೇದೆಲ್ಲ ಮರೆತುಹೋಯ್ತು, ಹೊಸದು ಬಾಯಲ್ಲಿ ಕೂತಿತು. ಅದನ್ನೇ ಹೇಳ್ಕೊಂಡು ಶೆಡ್ಡಿಗೆ ಬಂದ.

"ಏನಪ್ಪ ಜುಂಜ, ಬಸ್ಸು ಹೆಂಗೆ ಸದ್ದು ಮಾಡ್ತದೆ?"

"ನಿನ್ನ ಬಾಯಿಗೆ ಮಣ್ಣು ಹಾಕ! ನನ್ನ ಕುರಿಯೆಲ್ಲ ಚೆದುರಿಹೋದ್ವಲ್ಲೋ ಮೂದೇವಿ!"

ಸಾಬಣ್ಣನ ಕೈಯಿಂದ ಸ್ಪ್ಯಾನರ್ ಬಿದ್ದುಹೋಯ್ತು. "ಬ್ರೇಕ್ ತುಳಿದ್ರೆ ನಿಮ್ಮ ಬಸ್ಸು ಹಿಂಗೆ ಬಯ್ತದಾ?"

"ಅಜ್ಜಿ ಸಿಗೋತನಕ ಬೇರೆ ಥರ ಕೂಗ್ತಿತ್ತು ಸಾಬಣ್ಣ."

"ಅಯ್ಯೋ ಪೆದ್ದೇ! ಸದ್ದನ್ನ ಬಾಯಲ್ಲಿ ತರಬಾರದು ಕಣೋ! ಅದು ಎಲ್ಲಿಂದ ಬತ್ತದೋ ಅದನ್ನೇ ತರಬೇಕು! ತಿಳೀತಾ?"

"ತಿಳೀತು!"

ತಿಳೀತಂತೆ! ಸಣ್ಣೀರಮ್ಮ ಬಸ್ಸಿನೊಳಗೆ ಮೊರ ಹಿಡಿದು ಅಕ್ಕಿ ಆರಿಸ್ತಿದ್ದಳು. ಇದ್ದಕ್ಕಿದ್ದಂಗೆ ಬಸ್ಸು ಒಂದು ಕಡೆ ಮೇಲೆದ್ದಿತು. ಮೊರ ಜಾರಿತು, ಅಕ್ಕಿ ಜಾರಿತು, ಅಕ್ಕಿಯ ಹಿಂದೆ ಸಣ್ಣೀರಮ್ಮನೂ ಜಾರಿದಳು. "ಭೂಕಂಪ!" ಅಂತ ಕಿರುಚಿಕೊಂಡು ಇಳಿದು ನೋಡಿದರೆ ಬಸ್ಸು ಜಾಕಿನ ಮೇಲೆ ನಿಂತಿದೆ, ಒಂದು ಚಕ್ರ ಇಲ್ಲ. ಮಗ ಅದನ್ನ ಉರುಳಿಸ್ಕೊಂಡು ಬೀದಿಯ ತುದಿಗೆ ಹೋಗಿಯೇಬಿಟ್ಟಿದ್ದಾನೆ!

"ತಗೋ ಸಾಬಣ್ಣ, ತಂದೆ."

"ಒಂಟಿ ಚಕ್ರ ಕೂಗ್ತದೇನೋ? ಅದಿರಲಿ, ಸದ್ದು ಬರೋದು ಹಿಂದುಗಡೆಯಿಂದ ಅಲ್ವಾ? ಇದು ಮುಂದಿನ ಚಕ್ರ!"

"ಹಿಂದಿಂದು ತುಂಬ ಬಿಗಿ ಇತ್ತು ಸಾಬಣ್ಣ. ಇದು ಸಲೀಸಾಗಿ ಬಂತು."

ಸಾಬಣ್ಣ ಎರಡೂ ಕೈ ಮೇಲಕ್ಕೆತ್ತಿ ದೇವರನ್ನ ನೆನೆದ. ಆಮೇಲೆ ತಾನೇ ಚಕ್ರ ಉರುಳಿಸ್ಕೊಂಡು ಬಂದು, ಹಾಕಿ, ಬಸ್ಸನ್ನ ಒಂದು ಸುತ್ತು ಓಡಿಸಿ ನೋಡಿದ. ಏನು ಕೇಳುತ್ತೆ? ಒಳಗೆ ಕೊಳಗ ಢಣ್, ಸೌಟು ಟಿಣ್, ಜಾಲರಿ ಝಲ್. ಈ ಸಂತೆಯಲ್ಲಿ ಚಕ್ರದ ಸದ್ದು ಎಲ್ಲಿಂದ ಕೇಳಬೇಕು?

"ಜುಂಜ, ಬಿಚ್ಚೋ ಕೆಲಸ ಬ್ಯಾಡ, ಕಟ್ಟೋ ಕೆಲಸ ಮಾಡು. ಒಳಗೆ ಏನೇನು ಸದ್ದು ಮಾಡ್ತದೋ ಅದಕ್ಕೆಲ್ಲ ಹುಲ್ಲು ಮೆತ್ತಿ, ಗೋಣಿ ಸುತ್ತಿ, ಹಗ್ಗ ಬಿಗಿ. ನಾನು ಟೀ ಕುಡ್ಕೊಂಡು ಬತ್ತೀನಿ. ತಿಳೀತಾ?"

"ತಿಳೀತು!"

ತಿಳೀತಂತೆ! ಕೊಳಗಕ್ಕೆ ಹುಲ್ಲು ಮೆತ್ತಿದ. ಸೌಟಿಗೆ ಗೋಣಿ ಸುತ್ತಿದ. ಪಕ್ಕದ ಬಾಗಿಲಿನ ಚಿಲಕ ಟಕಟಕ ಅಂತಿತ್ತು, ಅದನ್ನ ಕಿತ್ತು ಜೇಬಿಗೆ ಹಾಕ್ಕೊಂಡ. ಇನ್ನೇನು ಸದ್ದು ಮಾಡ್ತಿದೆ? ಕಿವಿಗೊಟ್ಟು ಕೇಳಿದ. "ಏನ್ಲಾ ಇದು, ನನ್ನ ಅಡುಗೆ ಬಸ್ಸನ್ನ ಕೊಟ್ಟಿಗೆ ಮಾಡಿಬಿಟ್ಟೆಯಲ್ಲೋ!" ಅಂತ ಒಂದೇ ಸಮ ಸದ್ದು ಮಾಡ್ತಿದ್ದೋಳು ಅವ್ವ.

ಸಾಬಣ್ಣ ವಾಪಸ್ ಬಂದಾಗ ಸಣ್ಣೀರಮ್ಮ ಕೊಳಗಗಳ ಸಾಲಲ್ಲಿ ಕೂತಿದ್ದಾಳೆ, ಮೈಗೆ ಗೋಣಿ, ಬಾಯಿಗೆ ಟವಲ್ಲು, ಕಣ್ಣಲ್ಲಿ ಕೆಂಡ!

ನಗಬೇಡಿ, ಇನ್ನೂ ನಗೋ ಜಾಗ ಬಂದಿಲ್ಲ.

ಬಿಚ್ಚಿದ ಕೂಡಲೇ ಎರಡು ಕೊಟ್ಟಳು ನೋಡಿ! "ಹೆತ್ತ ತಾಯಿ ಬಾಯಿ ಕಟ್ತೀಯಾ? ಮಾತಾಡೋ ಬಾಯಿ ಯಾವತ್ತೂ ಕಟ್ಟಬಾರದು! ತಿಳೀತಾ?"

"ತಿಳೀತು!"

ಆದರೆ ಒಂದು ಮಾತು. ಈಗ ಬಸ್ಸಿನೊಳಗೆ ಸದ್ದಡಗಿತ್ತು. ಸಾಬಣ್ಣ ಓಡಿಸಿದ, ಬ್ರೇಕ್ ತುಳಿದ, ಕೇಳಿದ. "ಸಿಕ್ತು ಅಕ್ಕ! ಹಿಂದಿನ ಎಡಗಡೆ ಚಕ್ರ!" ಬಿಚ್ಚಿ ನೋಡಿದರೆ ಬ್ರೇಕಿನ ಲೈನರ್ ಸವೆದು ಕಬ್ಬಿಣಕ್ಕೆ ಕಬ್ಬಿಣ ಉಜ್ತಿದೆ, ಅದೇ ಕೀಂಯ್. ಬೇರಿಂಗಿನಲ್ಲಿ ಗ್ರೀಸ್ ಒಣಗಿದೆ, ಅದೇ ಕರ್ ಕರ್. ಹೊಸ ಲೈನರ್ ಹಾಕಿದ, ಗ್ರೀಸ್ ತುಂಬಿದ. ಬಸ್ಸು ಬೆಕ್ಕಿನಂಗೆ ಮೆತ್ತಗೆ ಓಡಿತು.

"ಜುಂಜ, ನಾಳೆ ಘಾಟಿ ಇಳಿಯುವಾಗ ಹಿಂದೆ ಕೂತು ಕಿವಿಗೊಟ್ಟು ಕೇಳು. ಕೀಂಯ್ ಅಂದ್ರೆ ಅವ್ವನ್ನ ಕೂಗು. ಕರ್ ಅಂದ್ರೆ ಕೂಗು. ಅದೆರಡು ಬಿಟ್ಟು ಏನೇ ಆದ್ರೂ ಕೂಗಬ್ಯಾಡ, ಅವ್ವ ಸ್ಟೇರಿಂಗ್ ಹಿಡಿದಿರ್ತಾಳೆ, ಗಾಬರಿ ಆಗ್ತಾಳೆ. ತಿಳೀತಾ?"

"ತಿಳೀತು!"

ತಿಳೀತಂತೆ! ಬೆಳಗ್ಗೆ ಅನ್ನ, ಸಾರು, ಹೋಳಿಗೆ, ಪಾಯಸ ಎಲ್ಲ ತುಂಬಿ, ಮುಚ್ಚಳ ಬಿಗಿದು, ಹುಲ್ಲು ಗೋಣಿ ಸುತ್ತಿ ಹೊರಟರು. ಸಣ್ಣೀರಮ್ಮ ಜೀವ ಕೈಯಲ್ಲಿ ಹಿಡಿದು, ಆಮೆ ಥರ ಘಾಟಿ ಇಳಿಸಿದಳು. ಹಿಂದೆ ತಿರುಗಿ ನೋಡೋ ಧೈರ್ಯ ಇಲ್ಲ.

"ಸದ್ದು ಬಂತೇನೋ?"

"ಇಲ್ಲ ಕಣವ್ವ!"

ಇನ್ನೊಂದು ತಿರುವು. "ಸದ್ದು ಬಂತೇನೋ?"

"ಒಂಚೂರೂ ಇಲ್ಲ ಕಣವ್ವ!"

ಹೊತ್ತಿಗೆ ಸರಿಯಾಗಿ ಬಸ್ಸು ಮದುವೆ ಚಪ್ಪರದ ಮುಂದೆ ನಿಂತಿತು. ಜನ ಎಲೆ ಮುಂದೆ ಕೂತುಬಿಟ್ಟಿದ್ದಾರೆ. ಪಾತಣ್ಣ ಮೀಸೆ ತಿರುವಿಕೊಂಡು ಬಂದು ಬಸ್ಸಿನೊಳಗೆ ಇಣುಕಿದ. ಏನಿದೆ? ಖಾಲಿ ಒಲೆ, ಉದುರಿದ ಹುಲ್ಲು, ಹುಲ್ಲಿನ ಮೇಲೆ ಜುಂಜಣ್ಣ!

"ಊಟ ಎಲ್ಲೋ?" ಅಂತ ಕಿರುಚಿದಳು ಸಣ್ಣೀರಮ್ಮ.

"ತಿರುವಿನಾಗೆ ಬಾಗಿಲು ತೆಗೀತು, ಬಿದ್ದೋಯ್ತು. ಮೊದಲು ಅನ್ನ ಹೋಯ್ತು, ಆಮೇಲೆ ಸಾರು, ಆಮೇಲೆ ಹೋಳಿಗೆ, ಕಡೆಗೆ ಪಾಯಸ."

"ಕೂಗಬಾರದಾ!"

"ಕೀಂಯ್ ಅನ್ನಲಿಲ್ಲವ್ವ, ಕರ್ ಅನ್ನಲಿಲ್ಲ. ಮೆತ್ತಗೆ ಬಿದ್ವು. ಅಷ್ಟು ಚೆನ್ನಾಗಿ ಹುಲ್ಲು ಕಟ್ಟಿದ್ದೆ!"

"ಅಯ್ಯೋ ನನ್ನ ಕರ್ಮವೇ! ಪಾತ್ರೆಗೆ ಹಗ್ಗ ಸುತ್ತಿದ್ರೆ ಆಯ್ತೇನೋ? ಹಗ್ಗದ ಇನ್ನೊಂದು ತುದಿ ಬಸ್ಸಿಗೆ ಕಟ್ಟಬೇಕು! ಬಸ್ಸಿಗೆ! ತಿಳೀತಾ?"

"ತಿಳೀತು!"

ಪಾತಣ್ಣ ಕೆಂಡಾಮಂಡಲ. ಸಣ್ಣೀರಮ್ಮ ನೆಲಕ್ಕೆ ಕುಸಿದಳು. ಊಟ ತಪ್ತು, ಹೆಣ್ಣೂ ತಪ್ತು, ಇನ್ನು ಮಗನಿಗೆ ಈ ಜನ್ಮದಲ್ಲಿ ಮದುವೆ ಇಲ್ಲ ಅಂತ ಗೊಳೋ ಅಂತ ಅತ್ತಳು. ಆಗ ಪಾತಣ್ಣನ ಚಿಕ್ಕ ಮಗಳು ಸೆರಗು ಬಾಯಿಗೆ ಅಡ್ಡ ಇಟ್ಕೊಂಡು, "ಅಪ್ಪಯ್ಯ, ಊಟ ಹಾಳಾಗಿಲ್ಲವಲ್ಲ, ಮೇಲೆ ಐತೆ. ನಾವೇ ಹತ್ತಾನ ನಡಿ!" ಅಂದಳು.

ಹಸಿದ ಜನ ಇನ್ನೊಂದು ಮಾತಿಗೆ ಕಾಯ್ತಾರಾ? ಎಲೆ ಎತ್ಕೊಂಡು ಎದ್ದೇಬಿಟ್ಟರು. ನಂಬಲ್ವಾ? ನಂಬಬೇಡಿ, ನನಗೇನು! ಕೆಳಗಿನ ತಿರುವಲ್ಲಿ ಪಾಯಸ ಸಿಕ್ಕಿತು, ಅದರ ಮೇಲಿನ ತಿರುವಲ್ಲಿ ಹೋಳಿಗೆ, ಅದರ ಮೇಲೆ ಸಾರು, ಕಟ್ಟಕಡೆಗೆ ಅನ್ನ. ಹುಲ್ಲಿನ ಕಾವಿಗೆ ಎಲ್ಲ ಬಿಸಿಬಿಸಿ ಇತ್ತು. ಜನ ಊಟವನ್ನ ಹಿಂದುಮುಂದಾಗಿ ಉಂಡು, ಅನ್ನ ಸಾರು ಮುಗಿಸಿ ಇಳಿಯುವಾಗ ಮತ್ತೆ ಹೋಳಿಗೆ, ಮತ್ತೆ ಪಾಯಸ! "ಇಂಥ ಮದುವೆ ಊಟ ಕಂಡಿರಲಿಲ್ಲ ಬಿಡಪ್ಪ" ಅಂತ ಹೊಗಳಿದ್ದೇ ಹೊಗಳಿದ್ದು.

ಹೊಗಳಿಕೆ ಕೇಳಿ ಪಾತಣ್ಣನ ಕೋಪ ಇಳೀತು. ಹೊಟ್ಟೆ ಸವರಿಕೊಂಡು, "ಸಣ್ಣೀರಕ್ಕ, ಒಂದು ನಿದ್ದೆ ತೆಗೆದು ಎದ್ದು ನನ್ನ ಮಾತು ಹೇಳ್ತೀನಿ" ಅಂತ ಹೋಳಿಗೆ ತಿರುವಿನ ಹೊಂಗೆ ಮರದಡಿ ಉರುಳಿಕೊಂಡ.

ಸಂಜೆ ಆಗ್ತಾ ಬಂತು. ಖಾಲಿ ಪಾತ್ರೆಯೆಲ್ಲ ಜನ ಹೋಳಿಗೆ ತಿರುವಿಗೇ ತಂದಿಟ್ಟಿದ್ದರು. ಸಣ್ಣೀರಮ್ಮ ಬಸ್ಸನ್ನ ಅಲ್ಲಿಗೆ ತಂದು, ಘಾಟಿ ಮೇಲಕ್ಕೆ ಮುಖ ಮಾಡಿ ನಿಲ್ಲಿಸಿ ಸ್ಟೇರಿಂಗಲ್ಲೇ ಕೂತಳು. "ಜುಂಜಾ, ಪಾತ್ರೆಯೆಲ್ಲ ತುಂಬು. ಹಂಗೇ ಪಾತಣ್ಣನ ಮಾತು ತಗಂಬಾ. ತಿಳೀತಾ?"

"ತಿಳೀತು!"

ಸ್ವಲ್ಪ ಹೊತ್ತಿಗೆ ಜುಂಜಣ್ಣ ಏದುಸಿರು ಬಿಡ್ತಾ ಹತ್ತಿದ.

"ತಂದ್ಯೇನೋ ಮಾತು?"

"ತಂದೆ ಕಣವ್ವ. ಹಿಂದುಗಡೆ ಐತೆ."

"ಗಟ್ಟಿ ಮಾತೇನೋ?"

"ಬಲೇ ಗಟ್ಟಿ! ಭಾರವೂ ಐತೆ."

ಸಣ್ಣೀರಮ್ಮನಿಗೆ ಕಣ್ಣಲ್ಲಿ ನೀರು ಬಂತು. ಮಗ ಒಂದು ಕೆಲಸ ಸರಿಯಾಗಿ ಮಾಡಿದನಲ್ಲ! ಖುಷಿಯಲ್ಲಿ ಘಾಟಿ ಹತ್ತಿಸಿದಳು. ಹತ್ತಿ ಊರ ಹತ್ತಿರ ಬಂದರೆ ಹಿಂದಿನ ಎಡಗಡೆಯಿಂದ "ಕರ್... ಕರ್..."

"ಅವ್ವ, ಕರ್ ಅಂತು!" ಅಂತ ಜುಂಜಣ್ಣ ಕೂಗಿದ.

ಸಣ್ಣೀರಮ್ಮ ಇನ್ನೆಲ್ಲೂ ನಿಲ್ಲಿಸಲಿಲ್ಲ. ನೇರ ಸಾಬಣ್ಣನ ಶೆಡ್ಡಿಗೆ ಹೋಗಿ ನಿಲ್ಲಿಸಿದಳು. ಬಸ್ಸು ನಿಂತಿತು, ಸದ್ದು ನಿಲ್ಲಲಿಲ್ಲ. ಸಾಬಣ್ಣ ಚಕ್ರಕ್ಕೆ ಕಿವಿ ಇಟ್ಟ. ತಲೆ ಕೆರೆದುಕೊಂಡ.

"ಅಕ್ಕ, ಇದು ಬ್ರೇಕಲ್ಲ, ಬೇರಿಂಗಲ್ಲ. ನಿಂತ ಬಸ್ಸು ಕೂಗೋದು ನನ್ನ ಸರ್ವಿಸಲ್ಲೇ ಕಂಡಿಲ್ಲ."

ಬಾಗಿಲು ತೆಗೆದು ಕೊಳಗಗಳನ್ನ ಸರಿಸಿದ. ಹುಲ್ಲು ಕಿತ್ತ. ಹುಲ್ಲೊಳಗೆ ಗೋಣಿ, ಗೋಣಿಯೊಳಗೆ ಮೀಸೆ, ಮೀಸೆ ಕೆಳಗೆ ಟವಲ್ಲು! ಬಸ್ಸಿನ ಕಂಬಿಗೆ ಬಿಗಿದ ಪಾತಣ್ಣ, ಮೂಗಲ್ಲಿ ಗೊರಕೆ ಹೊಡೀತಾ ಇದ್ದಾನೆ!

"ಅಯ್ಯಯ್ಯೋ! ಏನೋ ಇದು ಜುಂಜಾ!"

"ಮಾತು ಕಣವ್ವ! ಬಾಯಲ್ಲಿ ತರಬಾರದು, ಎಲ್ಲಿಂದ ಬತ್ತದೋ ಅದನ್ನೇ ತರಬೇಕು ಅಂತ ಸಾಬಣ್ಣನೇ ಹೇಳಿದ್ನಲ್ಲ. ಮಾತಾಡೋ ಬಾಯಿ ನಾನು ಕಟ್ಟಿಲ್ಲವ್ವ, ಗೊರಕೆ ಹೊಡೆಯೋ ಬಾಯಿ ಕಟ್ಟಿದ್ದೀನಿ. ಬಸ್ಸಿಗೂ ಕಟ್ಟಿದ್ದೀನಿ!"

ಸಾಬಣ್ಣ ಟವಲ್ಲು ತೆಗೆದ. ಪಾತಣ್ಣ ಕಣ್ಣು ಬಿಟ್ಟ. ಹೊಂಗೆ ಮರ ಇಲ್ಲ, ಊರಿಲ್ಲ, ಸುತ್ತ ಕೊಳಗ, ಮುಂದೆ ಜುಂಜಣ್ಣ ಹಗ್ಗ ಹಿಡಿದು ನಿಂತಿದ್ದಾನೆ.

"ಹೆಣ್ಣು ಕೊಡ್ತೀಯೋ ಇಲ್ವೋ, ನಿನ್ನ ಮಾತು ಹೇಳು ಮಾವ. ಅಷ್ಟೇ ಬೇಕಾಗಿದ್ದು."

"ಕೊಡ್ತೀನಿ ಕಣಪ್ಪಾ, ಕೊಡ್ತೀನಿ! ದೇವರಾಣೆ ಕೊಡ್ತೀನಿ! ಮೊದಲು ಬಿಚ್ಚೋ ಮಾರಾಯ!"

ಸಣ್ಣೀರಮ್ಮ ನಕ್ಕಳು, ಅತ್ತಳು, ಮಗನ ತಲೆ ನೇವರಿಸಿದಳು. "ಕೇಳಿದೆಯಾ ಸಾಬಣ್ಣ, ಮಾತು ಕೊಟ್ಟ! ಜುಂಜಾ, ಈ ಮಾತು ಜಾರದಂಗೆ ನೋಡ್ಕೊಳ್ಳೋ ನನ್ನಪ್ಪ!"

"ತಿಳೀತು!" ಅಂದ ಜುಂಜಣ್ಣ. ಟವಲ್ಲನ್ನ ವಾಪಸ್ ಪಾತಣ್ಣನ ಬಾಯಿಗೆ ತುರುಕಿ, ಹಗ್ಗ ಇನ್ನೊಂದು ಸುತ್ತು ಬಿಗಿದ.

ಮದುವೆ ಆಯ್ತಾ ಅಂತ ಕೇಳ್ತೀರಾ? ತಾಳಿ ಸ್ವಲ್ಪ. ಸಾಬಣ್ಣ ಇನ್ನೂ ಗಂಟು ಬಿಚ್ತಾ ಇದ್ದಾನೆ.