ಪಾಚಿ ಕಟ್ಟಿದ ಮೆಟ್ಟಿಲು

ಹೊಳೆಯ ನೆರೆ ಇಳಿದು ಎಂಟು ದಿನವಾಗಿತ್ತು. ಹೊಳೆಗೆ ಇಳಿಯುವ ಆಶ್ರಮದ ಮೆಟ್ಟಿಲುಗಳ ಮೇಲೆ ಪಾಚಿ ಹಾಗೇ ಕೂತಿತ್ತು.

ಅದನ್ನು ಉಜ್ಜಲೆಂದೇ ಊರಿನಿಂದ ಹನ್ನೆರಡು ಜನ ಬಂದಿದ್ದರು. ಗುರುಗಳು ಅವರನ್ನು ಶಿಷ್ಯ ಮಹಾಲಿಂಗನಿಗೆ ಒಪ್ಪಿಸಿದ್ದರು. ಅದೇ ತಪ್ಪಾಯಿತು ನೋಡಿ.

ಮಹಾಲಿಂಗ ಅವರನ್ನೆಲ್ಲ ದಂಡೆಯ ಅರಳಿಕಟ್ಟೆ ಮೇಲೆ ಕೂರಿಸಿ, ಪುಸ್ತಕ ಬಿಚ್ಚಿ ಪಾಠ ಶುರು ಮಾಡಿದ. ಸೇವೆ ಎಂದರೇನು, ಸಹಾಯ ಎಂದರೇನು, ದಾನಕ್ಕೂ ಶ್ರಮದಾನಕ್ಕೂ ಏನು ವ್ಯತ್ಯಾಸ. ಮೂರು ದಿನವಾದರೂ ಮುಗಿಯಲಿಲ್ಲ. ಉಜ್ಜಲು ತಂದಿದ್ದ ತೆಂಗಿನ ನಾರು ಕಟ್ಟೆಯ ಮೂಲೆಯಲ್ಲಿ ಬಿದ್ದಿತ್ತು.

ನಾಲ್ಕನೆಯ ದಿನ ಗುರುಗಳು ಬಂದು ನಿಂತರು.

"ಮೆಟ್ಟಿಲು ಏನಾಯ್ತೋ?"

"ಉಪಕಾರ ಅನ್ನೋ ಪದದ ತನಕ ಬಂದಿದ್ದೀವಿ ಗುರುಗಳೇ. ಅರ್ಥ ತಿಳೀದೆ ಕೆಲಸಕ್ಕೆ ಕೈ ಹಾಕಿದ್ರೆ ಅಹಂಕಾರ ಬಂದುಬಿಡುತ್ತೆ."

"ಅಹಂಕಾರ ಬರೋದಕ್ಕೂ ಏನಾದ್ರೂ ಮಾಡಿರಬೇಕಲ್ಲಯ್ಯಾ! ಮೊನ್ನೆ ಅಲ್ಲಿ ಜಾರಿ ಬಿದ್ದೋರು ಯಾರು, ಗೊತ್ತಾ?"

ಮಹಾಲಿಂಗ ಪುಸ್ತಕ ತಿರುವಿದ. "ಒಬ್ಬ ಫಲಾನುಭವಿ."

ಗುರುಗಳು ಹಣೆ ಚಚ್ಚಿಕೊಂಡರು.

"ಚಿಕ್ಕತಾಯಮ್ಮ ಕಣೋ! ಆಚೆ ಗುಡಿಸಲಿನ ಮುದುಕಿ. ದಿನಾ ಎರಡು ಸಲ ಇದೇ ಮೆಟ್ಟಿಲಲ್ಲಿ ನೀರು ಹೊರ್ತಾಳೆ. ಮಂಡಿ ಊದಿಕೊಂಡಿದೆ. ಇನ್ನೊಂದು ಸಲ ಬಿದ್ದು ಸೊಂಟ ಮುರಿದ್ರೆ, ಮನೇಲಿ ಒಂದು ಲೋಟ ನೀರು ಕೊಡೋರಿಲ್ಲ ಅವಳಿಗೆ."

"ಇನ್ನು ನಾಲ್ಕೇ ಪದ ಗುರುಗಳೇ..."

ಗುರುಗಳು ಆಶ್ರಮದ ಒಳಗಿಂದ ಒಂದು ಕೊಡ ತಂದು ಅವನ ಕಂಕುಳಿಗೆ ತುರುಕಿದರು.

"ಆ ನಾಲ್ಕು ಪದ ಮುಗಿಯೋವರೆಗೆ ಅವಳ ನೀರು ನೀನೇ ಹೊರು. ನಡಿ."

ಮಹಾಲಿಂಗ ಪುಸ್ತಕ ಹಿಡಿದುಕೊಂಡೇ ಇಳಿದ. ಮೂರನೆಯ ಮೆಟ್ಟಿಲಿಗೇ ಕಾಲು ಜಾರಿತು. ಕೊಡ ಒಂದು ಕಡೆ, ಪುಸ್ತಕ ಇನ್ನೊಂದು ಕಡೆ, ಅವನು ಸೊಂಟದವರೆಗೆ ನೀರಿನಲ್ಲಿ.

"ಅಯ್ಯಯ್ಯೋ! ಗುರುಗಳೇ, ಕೈ ಕೊಡಿ!"

"ಕೊಡೋಣಂತೆ. ಅದು ಸೇವೆಯೋ, ಸಹಾಯವೋ? ಮೊದಲು ತೀರ್ಮಾನ ಆಗಲಿ."

ಕಟ್ಟೆ ಮೇಲಿದ್ದ ಹನ್ನೆರಡು ಜನ ಎದ್ದು ಬಂದು ನೋಡುತ್ತಾ ನಿಂತರು. ಪಾಪ, ಅವರಿಗೂ ಇನ್ನೂ ತಿಳಿದಿರಲಿಲ್ಲ.

ಅಷ್ಟರಲ್ಲಿ ಚಿಕ್ಕತಾಯಮ್ಮ ನೀರಿಗೆ ಬಂದಳು. ಅವನನ್ನು ನೋಡಿದವಳೇ ಕೊಡ ಕೆಳಗಿಟ್ಟಳು. ಕೂತುಕೊಂಡೇ ಒಂದೊಂದೇ ಮೆಟ್ಟಿಲು ತೆವಳಿ ಇಳಿದು, ಅವನ ರಟ್ಟೆ ಹಿಡಿದು ಎಳೆದಳು.

"ಕಣ್ಣು ಕಾಣಲ್ವೇನಪ್ಪಾ ನಿಂಗೆ? ಇಷ್ಟು ಪಾಚಿ ಇದೆ!"

ಅವನನ್ನು ಮೇಲೆ ಕೂರಿಸಿ, ಕುಂಟುತ್ತಾ ಹೋಗಿ ಮೂಲೆಯ ನಾರು ತಂದಳು. ಅದೇ ಮೂರನೆಯ ಮೆಟ್ಟಿಲಲ್ಲಿ ಕೂತು, ಊದಿದ ಕಾಲು ಚಾಚಿಕೊಂಡು, ಉಜ್ಜತೊಡಗಿದಳು.

ಮಹಾಲಿಂಗ ತೊಯ್ದು ತೊಪ್ಪೆಯಾಗಿ ನಡುಗುತ್ತಿದ್ದ. ಕಣ್ಣಲ್ಲಿ ನೀರು ಬೇರೆ.

"ಗುರುಗಳೇ, ಈಯಮ್ಮ ಮಾಡ್ತಿರೋದಕ್ಕೆ ಏನಂತಾರೆ?"

ಗುರುಗಳಿಗೆ ರೇಗಿಹೋಯಿತು.

"ಮೊದಲು ಅವಳ ಕೈಯಲ್ಲಿರೋ ನಾರು ಇಸ್ಕೊಳ್ಳೋ!"