ಬೆಂಕಿಗೆ ಹಾಕಿದ ಕಡ್ಡಿ

"ಗುರುಗಳೇ, ಇನ್ನೊಬ್ಬರಿಗಾಗಿ ಬೇಡುವವನು ಅವರ ಕಷ್ಟವನ್ನು ಬಿಡಿಸಿ ಹೇಳಿದರೆ ತಪ್ಪೇನು?"

ಹೀಗೆ ಕೇಳಿದವನು ಮರಿದೇವ. ಕಾಡಂಚಿನ ಹಾಡಿಗಳ ಹುಡುಗ ಹುಡುಗಿಯರಿಗೂ ಅವರ ಮನೆಯವರಿಗೂ ಒಂದು ವಾರದ ಶಿಬಿರ ನಡೆಸಬೇಕೆಂದು ಮಠದಲ್ಲಿ ನಿಶ್ಚಯವಾಗಿತ್ತು. ಅದಕ್ಕೆ ಹಣ ಎತ್ತಲು ಅವನು ಮರುದಿನ ಪೇಟೆಗೆ ಹೊರಡುವವನಿದ್ದ. ಅವನ ಚೀಲದಲ್ಲಿ ಒಬ್ಬ ಹುಡುಗಿಯ ಫೋಟೊ ಇತ್ತು. ಅವಳ ಮನೆಯಲ್ಲಿ ನಡೆದದ್ದನ್ನೆಲ್ಲ ಅವನು ಒಂದು ಹಾಳೆಯಲ್ಲಿ ಬರೆದುಕೊಂಡೂ ಇದ್ದ. ಗುರುಗಳು ಹಾಳೆಯನ್ನು ಓದಲಿಲ್ಲ. ಮಡಚಿ ಅವನ ಕೈಗೇ ಕೊಟ್ಟು, ಕೂತುಕೊಳ್ಳುವಂತೆ ಹೇಳಿ, ಈ ಕತೆ ಶುರು ಮಾಡಿದರು.

ಒಬ್ಬ ವ್ಯಾಪಾರಿ ಇದ್ದ. ಕಾಡಿನ ಜನರಿಂದ ಜೇನು, ಸೀಗೆಕಾಯಿ, ಅಂಟುವಾಳ ಕೊಂಡು ಪೇಟೆಯಲ್ಲಿ ಮಾರುತ್ತಿದ್ದ. ತೂಕದಲ್ಲಿ ಮೋಸವಿಲ್ಲದವನು. ಇದು ಅವನೇ ಹೇಳಿಕೊಳ್ಳುತ್ತಿದ್ದ ಮಾತು, ಆದರೂ ನಿಜ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎನ್ನುತ್ತಾರಲ್ಲ, ಇವನಿಗೆ ತಾನು ಬದುಕಿ ಇನ್ನೂ ನಾಲ್ಕು ಜನರನ್ನು ಬದುಕಿಸುವಷ್ಟು ಬಾಯಿ ಇತ್ತು. ಆ ಬಾಯಿಯ ಬಗ್ಗೆ ಅವನಿಗೆ ಹೆಮ್ಮೆಯೂ ಇತ್ತು.

ಆ ಕಾಡಿನ ಜನರಲ್ಲಿ ಒಂದು ಪದ್ಧತಿ. ವರ್ಷಕ್ಕೊಮ್ಮೆ, ಜೇನು ಇಳಿಸುವ ಕೆಲಸ ಮುಗಿದ ಮೇಲೆ, ಮನೆಮಂದಿಯೆಲ್ಲ ಕಾಡಿನೊಳಗೆ ಒಂದು ಕಡೆ ಸೇರುತ್ತಿದ್ದರು. ಬೆಳಗಿನ ಚಳಿಗೆ ಬೆಂಕಿ ಹಾಕಿ ಸುತ್ತ ಕೂರುತ್ತಿದ್ದರು. ಯಾರ ಮನೆಯಲ್ಲಿ ನೋವಾಗಿದೆಯೋ ಅವರು ಅದನ್ನು ಅಲ್ಲಿ ಹೇಳುತ್ತಿದ್ದರು. ಅವರೇ ಹೇಳಬೇಕು, ಅವರ ಪರವಾಗಿ ಇನ್ನೊಬ್ಬರು ಹೇಳುವಂತಿಲ್ಲ. ಹೇಳಿ ಮುಗಿಸಿದ ಮೇಲೆ, ಕೇಳಿದವರು ಒಬ್ಬೊಬ್ಬರಾಗಿ ಒಂದೊಂದು ಒಣ ಕಡ್ಡಿಯನ್ನು ಬೆಂಕಿಗೆ ಹಾಕುತ್ತಿದ್ದರು. ಕಡ್ಡಿ ಹಾಕಿದರೆ ಮಾತು ಕೊಟ್ಟ ಹಾಗೆ. ಕೇಳಿದ್ದು ಇಲ್ಲೇ ಬೂದಿಯಾಯಿತು, ನನ್ನ ಜೊತೆ ಎದ್ದು ಬರುವುದಿಲ್ಲ ಎಂದು ಅದರ ಅರ್ಥ.

ಆಮೇಲೆ ಅವರನ್ನು ಕಾಡಿನಿಂದ ಎಬ್ಬಿಸಿ ರಸ್ತೆ ಬದಿಯ ಸಾಲುಮನೆಗಳಿಗೆ ತಂದರು. ಅದೇ ಅವರ ಹಾಡಿಯಾಯಿತು. ದೊಡ್ಡವರು ಕಾಫಿ ತೋಟದ ಕೂಲಿಗೆ ಹೋದರು. ಹುಡುಗರಿಗೆ ಕುಡಿತ ಹತ್ತಿತು. ಒಂದೇ ಸೂರಿನ ಕೆಳಗಿದ್ದ ಅಪ್ಪ ಮಕ್ಕಳ ನಡುವೆ ಮಾತು ನಿಂತಿತು. ವರ್ಷದ ಕೂಟವೂ ನಿಂತಿತು.

ಹಾಡಿಯ ಯಜಮಾನನಿಗೆ ವಯಸ್ಸಾಗಿತ್ತು. ಸಾಯುವ ಮೊದಲು ಆ ಬೆಂಕಿಯನ್ನು ಇನ್ನೊಮ್ಮೆ ಹಾಕಬೇಕೆಂದು ಅವನಿಗೆ ಆಸೆ. ಎಂಟು ಮನೆಯವರನ್ನು ಕೂಡಿಸಿಕೊಂಡು ಮೂರು ದಿನ ಕಾಡಂಚಿನಲ್ಲಿ ಉಳಿದ. ವ್ಯಾಪಾರಿ ಒಂದು ಮೂಟೆ ಅಕ್ಕಿ ಕೊಟ್ಟ. ಇಪ್ಪತ್ತು ವರ್ಷದಿಂದ ಬಂದು ಹೋಗುವವನು, ಅವನನ್ನೂ ಬೆಂಕಿಯ ಹತ್ತಿರ ಕೂರಿಸಿಕೊಂಡರು.

ಮೂರನೆಯ ಬೆಳಿಗ್ಗೆ ಒಬ್ಬ ತಾಯಿ ಎದ್ದು ನಿಂತಳು. ತನಗೂ ತನ್ನ ಮಗನಿಗೂ ನಡುವೆ ಆದದ್ದನ್ನು ಹೇಳಿದಳು. ಮಗ ಎದುರಿಗೇ ಕೂತಿದ್ದ. ಹದಿನೆಂಟರ ಹುಡುಗ. ಅವಳು ಮುಗಿಸಿದಾಗ ಅವನು ಎದ್ದು ಬಂದು ಅವಳ ಕಾಲ ಹತ್ತಿರ ಕೂತ. ಅವಳು ಅವನ ತಲೆಯ ಮೇಲೆ ಕೈ ಇಟ್ಟಳು. ಎಲ್ಲರೂ ಕಡ್ಡಿ ಹಾಕಿದರು. ವ್ಯಾಪಾರಿಯೂ ಹಾಕಿದ. ಅವನ ಕಣ್ಣು ಒದ್ದೆಯಾಗಿತ್ತು, ಅದು ಸುಳ್ಳಲ್ಲ.

ಹುಡುಗ ಕುಡಿತ ಬಿಟ್ಟ. ಎರಡು ತಿಂಗಳ ಮೇಲೆ ಅಮ್ಮನ ಜೊತೆ ಜೇನು ಹೊತ್ತು ಅಂಗಡಿಗೆ ಬಂದ. ವ್ಯಾಪಾರಿ ಅದನ್ನು ನೋಡಿ ಆ ದಿನವೇ ಹಾಡಿಗೆ ಹೋದ. ಬಾಗಿಲಲ್ಲೇ ಕೂತಿದ್ದ ಯಜಮಾನನಿಗೆ, ಇಂಥ ಕೂಟ ಇನ್ನೂ ಹೆಚ್ಚು ಜನರಿಗೆ ಆಗಬೇಕು ಎಂದ.

"ಸುತ್ತಿನ ಆರು ಹಾಡಿಯೋರನ್ನೂ ಕರೀಬೇಕು ಸಾವ್ಕಾರ," ಎಂದ ಯಜಮಾನ. "ಏಳು ದಿನ ಬೇಕು. ಆದ್ರೆ ಏಳು ದಿನ ಕೂಲಿ ಬಿಟ್ರೆ ನಮ್ಮ ಒಲೆ ಹತ್ತಲ್ಲ."

"ಅದನ್ನ ನನಗೆ ಬಿಡು ಅಜ್ಜ," ಎಂದ ವ್ಯಾಪಾರಿ.

ಪೇಟೆಗೆ ಬಂದು ಮನೆ ಮನೆ ತಿರುಗಿದ. ಹುಡುಗರು ಅಪ್ಪ ಅಮ್ಮಂದಿರ ಜೊತೆ ಒಂದು ವಾರ ಕೂತು ಮಾತಾಡುತ್ತಾರೆ ಎಂದು ಹೇಳಿದ. ಮಾತಾಡುವುದಕ್ಕೆ ದುಡ್ಡು ಏಕೆ ಎಂದು ಜನ ಕೇಳಿದರು. ಕೆಲವರು ಚಹಾ ಕೊಟ್ಟರು, ಕೆಲವರು ನೋಡೋಣ ಎಂದರು. ನೋಡೋಣ ಎಂದವರು ಮತ್ತೆ ಕಣ್ಣಿಗೆ ಬೀಳಲಿಲ್ಲ. ಹದಿನೈದು ದಿನ ಅಲೆದು ಅವನ ಚಪ್ಪಲಿ ಸವೆಯಿತು.

ಒಂದು ದಿನ ಅಕ್ಕಿ ಗಿರಣಿಯ ಮಾಲೀಕರ ಮನೆಯಲ್ಲಿ ಕೂತಿದ್ದ. ಚಹಾ ಮುಗಿದಿತ್ತು. ಮಾಲೀಕರು ಗೋಡೆಯ ಗಡಿಯಾರ ನೋಡುತ್ತಿದ್ದರು. ಬರಿಗೈಯಲ್ಲಿ ಏಳಬೇಕಲ್ಲ ಎಂಬ ಸಂಕಟದಲ್ಲಿ ವ್ಯಾಪಾರಿಯ ಬಾಯಿಂದ ಆ ತಾಯಿಯ ಮಾತು ಹೊರಗೆ ಬಂತು. ಒಳಗಿನಿಂದ ಬಂದ ಮನೆಯೊಡತಿ ಬಾಗಿಲಲ್ಲೇ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಾಲೀಕರು ಎದ್ದು ಹೋಗಿ ಬೀರು ತೆಗೆದರು.

ಕಡ್ಡಿಯ ನೆನಪು ಅವನಿಗೆ ಬರಲಿಲ್ಲವೆಂದಲ್ಲ. ದಾರಿಯಲ್ಲಿ ಬಂತು. ಕೆಟ್ಟ ಮಾತು ಹರಡಬಾರದೆಂದು ಆ ಪದ್ಧತಿ, ನಾನು ಹೇಳಿದ್ದು ಒಳ್ಳೆಯದಕ್ಕೆ ಎಂದುಕೊಂಡ. ಈ ಸಮಾಧಾನ ಅವನಿಗೆ ಬಹಳ ಸುಲಭವಾಗಿ ಸಿಕ್ಕಿತು. ಅಷ್ಟು ಸುಲಭವಾಗಿ ಸಿಕ್ಕಿದಾಗಲೇ ಅನುಮಾನ ಪಡಬೇಕಿತ್ತು, ಪಡಲಿಲ್ಲ.

ಆಮೇಲೆ ಅವನು ಹೋದಲ್ಲೆಲ್ಲ ಅದನ್ನೇ ಹೇಳಿದ. ನಾಲಿಗೆಗೆ ರುಚಿ ಹತ್ತಿತು. ಎಲ್ಲಿ ತಡೆದರೆ ಕೇಳುವವರ ಉಸಿರು ನಿಲ್ಲುತ್ತದೆ, ಎಲ್ಲಿ ದನಿ ಇಳಿಸಿದರೆ ಕೈ ಕಿಸೆಗೆ ಹೋಗುತ್ತದೆ ಎಂದು ಕಲಿತುಕೊಂಡ. ಹಾಡಿಯ ಹೆಸರು ಹೇಳಿದರೆ ಜನ ಹೆಚ್ಚು ನಂಬುತ್ತಾರೆಂದು ಅದನ್ನೂ ಹೇಳಿದ. ತಾಯಿಯ ಹೆಸರು, ಮಗನ ಹೆಸರು ಹೇಳಿದ. ಇಲ್ಲದ್ದನ್ನು ಒಂದೆರಡು ಸೇರಿಸಿದ. ಜೇನಿನ ತೂಕದಲ್ಲಿ ಎಂದೂ ಮೋಸ ಮಾಡದವನು ಒಬ್ಬ ಹೆಂಗಸಿನ ನೋವಿಗೆ ತೂಕ ಹೆಚ್ಚಿಸಿದ.

ಕೊನೆಗೆ ಪೇಟೆಯ ವರ್ತಕರೆಲ್ಲ ಕಲ್ಯಾಣ ಮಂಟಪದಲ್ಲಿ ಒಂದು ಸಭೆ ಇಟ್ಟರು. ಆ ತಾಯಿಯನ್ನೇ ಕರೆತಂದರೆ ಚೆನ್ನ ಎಂದು ಯಾರೋ ಹೇಳಿದರು. ವ್ಯಾಪಾರಿ ಹಾಡಿಗೆ ಹೋದ. ಏನೂ ಮಾತಾಡಬೇಕಿಲ್ಲ, ಬಂದು ನಿಂತರೆ ಸಾಕು ಎಂದ. ಆರು ಹಾಡಿಯ ಮಕ್ಕಳಿಗೆ ಒಳ್ಳೆಯದಾಗುತ್ತದೆ ಎಂದ. ಅವಳು ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಬಂದಳು. ಕೊಡುವವರ ಮುಂದೆ ಬರಿಗೈಯಲ್ಲಿ ಹೋಗಬಾರದೆಂದು ಒಂದು ಬಾಟಲಿ ಜೇನು ತಂದಿದ್ದಳು.

ಅವಳನ್ನು ವೇದಿಕೆಯ ಮೇಲೆ ನಿಲ್ಲಿಸಿ ಅವನು ಮೈಕು ಹಿಡಿದ. ಎಲ್ಲವನ್ನೂ ಹೇಳಿದ. ಸೇರಿಸಿದ್ದನ್ನೂ ಹೇಳಿದ. ಪಕ್ಕದಲ್ಲಿದ್ದ ಅವಳ ಮುಖವನ್ನು ಅವನು ನೋಡಲಿಲ್ಲ. ಜನರ ಮುಖ ನೋಡುತ್ತಿದ್ದ. ಮಂಟಪಕ್ಕೆ ಮಂಟಪವೇ ಅತ್ತಿತು. ಬೇಕಾದದ್ದಕ್ಕಿಂತ ಹೆಚ್ಚು ಹಣ ಬಂತು. ಅವಳಿಗೆ ಒಂದು ಶಾಲು ಹೊದೆಸಿದರು.

ಹಿಂತಿರುಗುವಾಗ ಅವಳು ಜೀಪಿನಲ್ಲಿ ಶಾಲನ್ನು ಮಡಚಿ ಸೀಟಿನ ಮೇಲೆ ಇಟ್ಟಳು. ಜೇನಿನ ಬಾಟಲಿ ಯಾರಿಗೂ ಕೊಡದೆ ಮಡಿಲಲ್ಲೇ ಉಳಿದಿತ್ತು. ಹಾಡಿ ಬಂದಾಗ ಇಳಿದು, ಒಂದೇ ಮಾತು ಕೇಳಿದಳು.

"ನೀನೂ ಆವತ್ತು ಕಡ್ಡಿ ಹಾಕಿದ್ದೆ ಅಲ್ವಾ ಸಾವ್ಕಾರ?"

ಅವಳ ದನಿಯಲ್ಲಿ ಕೋಪವಿರಲಿಲ್ಲ. ನಿಜವಾಗಿಯೂ ಅವಳಿಗೆ ಅನುಮಾನ ಬಂದಿತ್ತು, ಇವನು ಹಾಕಿದ್ದನೋ ಇಲ್ಲವೋ ಎಂದು. ಹಾಕಿದವನು ಹೀಗೆ ಮಾಡಬಹುದೆಂದು ಅವಳಿಗೆ ತೋಚಿರಲಿಲ್ಲ.  ನೆಲ ಬಾಯಿ ಬಿಟ್ಟರೆ ವ್ಯಾಪಾರಿ ಇಳಿದುಹೋಗುತ್ತಿದ್ದ. ಅವಳು ಉತ್ತರಕ್ಕೆ ಕಾಯಲಿಲ್ಲ.

ಮುಂದಿನ ಸಂತೆಯಲ್ಲಿ, ಮಂಟಪದಲ್ಲಿ ಹಣ ಕೊಟ್ಟವರೊಬ್ಬರು ಹಾಡಿ, ಹೆಸರು ಕೇಳಿ ಅವಳ ಮಗನನ್ನು ಗುರುತು ಹಿಡಿದರು. ಒಳ್ಳೆಯ ಮನುಷ್ಯರು. ಅವನ ಬೆನ್ನು ತಟ್ಟಿ, ಇನ್ನಾದರೂ ಅಮ್ಮನನ್ನು ಚೆನ್ನಾಗಿ ನೋಡಿಕೊಳ್ಳಬೇಕೆಂದು ಬುದ್ಧಿ ಹೇಳಿ, ಚಹಾ ಕೊಡಿಸಿದರು. ಸುತ್ತ ನಿಂತವರೆಲ್ಲ ತಿರುಗಿ ನೋಡಿದರು. ಹುಡುಗ ಚಹಾವನ್ನು ಮುಟ್ಟದೆ ಎದ್ದು ಹೋದ. ಆ ದಿನ ಅವನು ಮತ್ತೆ ಕುಡಿದ. ಮರುದಿನ ಶುಂಠಿ ಹೊಲದ ಕೂಲಿಗೆ ಆಳು ಒಯ್ಯುವ ಲಾರಿ ಹತ್ತಿ ಗಡಿ ದಾಟಿ ಹೋದ. ಅಮ್ಮನಿಗೆ ಹೇಳಿ ಹೋಗಲಿಲ್ಲ.

ಶಿಬಿರ ನಡೆಯಿತು. ಡೇರೆಗಳು ಎದ್ದವು. ಅಕ್ಕಿ ಬೇಳೆ ಬಂತು, ನೋಡಿಕೊಳ್ಳಲು ಡಾಕ್ಟರು ಬಂದರು. ಯಾವುದಕ್ಕೂ ಕೊರತೆ ಇರಲಿಲ್ಲ. ಆರು ಹಾಡಿಯವರೂ ಬಂದರು. ಬರುತ್ತೇವೆಂದು ಯಜಮಾನನಿಗೆ ಮಾತು ಕೊಟ್ಟಿದ್ದರು. ಬೆಳಿಗ್ಗೆ ಬೆಂಕಿ ಹಾಕಿ ಸುತ್ತ ಕೂತರು. ಯಾರೂ ಬಾಯಿ ತೆರೆಯಲಿಲ್ಲ. ಮೊದಲ ದಿನ ಸಂಕೋಚವೆಂದು ವ್ಯಾಪಾರಿ ತನಗೆ ತಾನೇ ಹೇಳಿಕೊಂಡ. ಎರಡನೆಯ ದಿನವೂ ಹಾಗೇ ಆಯಿತು. ಮೂರನೆಯ ದಿನದಿಂದ ಅವನು ತಲೆ ಎತ್ತಲಿಲ್ಲ. ಹುಡುಗರು ಅಪ್ಪಂದಿರ ಪಕ್ಕ ಕೂತು ಬೆಂಕಿ ನೋಡಿದರು, ಗಂಜಿ ಕುಡಿದರು, ಎದ್ದು ಹೋದರು. ಆರು ಬೆಳಗು ಹೀಗೇ ಕಳೆದವು.

ಏಳನೆಯ ದಿನ ಯಜಮಾನ ವ್ಯಾಪಾರಿಯ ಕಡೆ ತಿರುಗಿದ.

"ನಮ್ಮದೆಲ್ಲ ನೀನೇ ಹೇಳಿ ಆಯ್ತಲ್ಲ ಸಾವ್ಕಾರ," ಎಂದ. "ನಿಂದು ಒಂದು ಉಳಿದದೆ. ಅದನ್ನ ಹೇಳು, ಕೇಳ್ತೀವಿ."

ಅದು ಚುಚ್ಚು ಮಾತಾಗಿರಲಿಲ್ಲ. ವ್ಯಾಪಾರಿ ಎದ್ದು ನಿಂತ. ಎದುರಿಗೆ ಆ ತಾಯಿ ಕೂತಿದ್ದಳು. ಅವಳ ಪಕ್ಕದಲ್ಲಿ ಮಗನ ಜಾಗ ಖಾಲಿ ಇತ್ತು. ಅವಳ ಕೈಯಲ್ಲಿ ಒಂದು ಒಣ ಕಡ್ಡಿ ಇತ್ತು. ಅವನು ತನ್ನ ತಪ್ಪನ್ನು ಬಾಯಿಬಿಟ್ಟು ಹೇಳಿದರೆ ಅದನ್ನೂ ಬೆಂಕಿಗೆ ಹಾಕಿಬಿಡಲು ಅವಳು ಸಿದ್ಧಳಾಗಿ ಕೂತಿದ್ದಳು. ಅದನ್ನು ಕಂಡು ಅವನಿಗೆ ಆದ ನಾಚಿಕೆ ಇಷ್ಟಿಷ್ಟಲ್ಲ. ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದ.

ಇನ್ನೊಬ್ಬಳ ನೋವನ್ನು ನೂರು ಕಡೆ ಹೇಳಿದ ಬಾಯಿ ತನ್ನದನ್ನು ಒಂದು ಸಲ ಹೇಳಲಾರದೆ ಹೋಯಿತು.  ಜನ ಬಹಳ ಹೊತ್ತು ಕಾದರು. ಬಿಸಿಲು ಏರಿತು, ಬೆಂಕಿ ತಣ್ಣಗಾಯಿತು. ಅವಳು ಕಡ್ಡಿಯನ್ನು ಮೆಲ್ಲಗೆ ನೆಲದ ಮೇಲಿಟ್ಟು, ಎದ್ದು, ತನ್ನ ಪಾತ್ರೆ ಎತ್ತಿಕೊಂಡು ಹೋದಳು.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಮರಿದೇವ ಇನ್ನೂ ಇದೆಯೇನೋ ಎಂದು ಕಾದ. ಫೋಟೊ ಅವನ ತೊಡೆಯ ಮೇಲಿತ್ತು, ಮಡಚಿದ ಹಾಳೆ ಕೈಯಲ್ಲಿತ್ತು. ಕತೆ ಅವನಿಗೆ ಅರ್ಥವಾಗಿತ್ತು. ಆದರೂ ಒಂದು ಮಾತು ಒಳಗೆ ಕೊರೆಯುತ್ತಿತ್ತು. ಅಷ್ಟು ಜನರನ್ನು ಅಳಿಸಿದ್ದು ಏನಿರಬಹುದು? ತಡೆಯಲಾರದೆ ಕೇಳಿಯೇಬಿಟ್ಟ.

"ಆ ತಾಯಿ ಆ ದಿನ ಬೆಂಕಿಯ ಮುಂದೆ ಹೇಳಿದ್ದೇನು, ಗುರುಗಳೇ?"

ಗುರುಗಳು ತಲೆ ತಗ್ಗಿಸಿದರು.

"ಅದನ್ನು ಒಂದು ಸಲ ಪೇಟೆಗೆಲ್ಲ ಹೇಳಿದವನು ನಾನೇ, ಮರಿದೇವ, ಇನ್ನೊಂದು ಸಲ ಹೇಳಿಸಬೇಡ."